ಬಾಣಂತನದ ಖಿನ್ನತೆ: ತಡೆ, ಗುರುತು, ಆರೈಕೆ

(ದತ್ತಿ ಉಪನ್ಯಾಸದ ಬರಹರೂಪ)



ವಿಷಯವನ್ನು ನೀವೇ ಆರಿಸಿಕೊಳ್ಳಿ ಎಂದು ದತ್ತಿ ಸಮಿತಿಯವರು ಹೇಳಿದಾಗ ನನಗೆ ಬಹಳ ಯೋಚಿಸುವ ಅಗತ್ಯ ಬೀಳಲಿಲ್ಲ. ನಾನು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಮನೋವೈದ್ಯೆಯಾಗಿ ದುಡಿದವಳು. ನನ್ನ ಓಪಿಡಿಗೆ ಬಂದ ಕಾಯಿಲೆಗಳಲ್ಲಿ, ಹೆರಿಗೆಯ ನಂತರ ತಾಯಂದಿರನ್ನು ಹಿಡಿಯುವ ಖಿನ್ನತೆಯಷ್ಟು ತಡವಾಗಿ ಬಂದದ್ದು ಇನ್ನೊಂದಿಲ್ಲ. ಇದು ನಮ್ಮ ನಡುವೆ ಬಹಳ ಸಾಮಾನ್ಯ. ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. ಎಷ್ಟೋ ಸಲ ಬರುವ ಮೊದಲೇ ತಡೆಯಲೂ ಬರುತ್ತದೆ. ಇಷ್ಟಿದ್ದೂ ಹೆಚ್ಚಿನ ತಾಯಂದಿರು ಅದನ್ನು ಒಬ್ಬರೇ ನುಂಗಿಕೊಂಡು ತಿಂಗಳುಗಟ್ಟಲೆ ಕಳೆಯುತ್ತಾರೆ. ಅವರನ್ನು ಯಾರೂ ಪ್ರೀತಿಸುವುದಿಲ್ಲ ಎಂದೇನೂ ಅಲ್ಲ. ಅವರ ಮನಸ್ಸು ಹೇಗಿದೆ ಎಂದು ಯಾರೂ ವಿಚಾರಿಸುವುದಿಲ್ಲ. ವಿಚಾರಿಸುವ ಕೆಲಸವನ್ನು ನಮ್ಮ ಆರೋಗ್ಯ ವ್ಯವಸ್ಥೆಯೊಳಗೆ, ನಮ್ಮ ಬಾಣಂತನದೊಳಗೆ ಎಲ್ಲಿ ಕೂರಿಸಬಹುದು ಎಂಬುದೇ ಈ ಹೊತ್ತು ನಾನು ಹೇಳಬೇಕೆಂದಿರುವ ಮಾತು.

ಮೊದಲು ಕೆಲವು ಅಂಕಿ. ಭಾರತದ ಬೇರೆ ಬೇರೆ ಕಡೆ ನಡೆದ 38 ಅಧ್ಯಯನಗಳನ್ನು, ಅವುಗಳಲ್ಲಿದ್ದ 20,043 ತಾಯಂದಿರ ಮಾಹಿತಿಯನ್ನು ಒಟ್ಟು ಮಾಡಿ ನೋಡಿದ ಲೇಖನವೊಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನಿಯತಕಾಲಿಕದಲ್ಲಿ ಬಂತು. ನೂರು ಬಾಣಂತಿಯರಲ್ಲಿ 22 ಮಂದಿಗೆ ಖಿನ್ನತೆ ಇತ್ತು. ಊರಿಂದೂರಿಗೆ ಈ ಸಂಖ್ಯೆ ಏರಿಳಿಯುತ್ತದೆ. ತಮಿಳುನಾಡಿನ ಹಳ್ಳಿಗಳಲ್ಲಿ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹೆರಿಗೆಯ ನಂತರ ಹೊಸದಾಗಿ ಖಿನ್ನತೆಗೆ ಬಿದ್ದವರು ನೂರಕ್ಕೆ 11. ಅದೇ ವರ್ಷ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವಾದಿಂದ ಪ್ರಕಟಿಸಿದ ಅಧ್ಯಯನದಲ್ಲಿ ಆರೆಂಟು ವಾರದ ಬಾಣಂತಿಯರಲ್ಲಿ ನೂರಕ್ಕೆ 23. ಇದ್ದುದರಲ್ಲಿ ಕಡಿಮೆಯದನ್ನೇ ಹಿಡಿದರೂ ಹತ್ತು ತೊಟ್ಟಿಲುಗಳ ಪಕ್ಕ ಒಬ್ಬ ತಾಯಿ ಹೀಗೆ ಇರುತ್ತಾಳೆ.

ಹೆತ್ತ ಮೂರನೆಯ ನಾಲ್ಕನೆಯ ದಿನ ಸುಮ್ಮಸುಮ್ಮನೆ ಅಳು ಬರುವುದು, ಯಾರೋ ಏನೋ ಅಂದದ್ದಕ್ಕೆ ಮನಸ್ಸು ಮುದುಡುವುದು ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಆಗುತ್ತದೆ. ಹಾರ್ಮೋನುಗಳು ಒಮ್ಮೆಲೇ ಇಳಿದದ್ದು, ನಿದ್ದೆಗೇಡು, ಹೊಲಿಗೆಯ ನೋವು ಎಲ್ಲ ಸೇರಿ ಆಗುವ ಈ ಬೇಸರ ಎರಡು ವಾರದೊಳಗೆ ತಾನಾಗಿ ಇಳಿಯುತ್ತದೆ. ಇದಕ್ಕೆ ಔಷಧಿ ಬೇಡ. ಇನ್ನೊಂದು ತುದಿಯಲ್ಲಿರುವುದು ಬಾಣಂತಿ ಸನ್ನಿ. ಸಾವಿರ ಹೆರಿಗೆಗೆ ಒಂದೋ ಎರಡೋ ಕಾಣುವ ಈ ಉಗ್ರ ಕಾಯಿಲೆಯ ವಿಚಾರ ಮುಂದೆ ಹೇಳುತ್ತೇನೆ. ಇವೆರಡರ ನಡುವೆ ಇರುವುದು ಖಿನ್ನತೆ. ಎರಡು ವಾರ ದಾಟಿದರೂ ಮನಸ್ಸು ಮೇಲೇಳದಿರುವುದು, ಯಾವುದರಲ್ಲೂ ರುಚಿ ಉಳಿಯದಿರುವುದು, ನಾನು ಕೆಟ್ಟ ತಾಯಿ ಎಂಬ ಯೋಚನೆ ಒಳಗೇ ಕೊರೆಯುವುದು, ಕೂಸಿಗೇನೋ ಆಗಿಬಿಡುತ್ತದೆ ಎಂಬ ದಿಗಿಲು, ಕೊನೆಗೆ ಸತ್ತರೆ ಸಾಕು ಎನ್ನಿಸುವುದು. ಹೆರಿಗೆಯಾದ ವಾರದಲ್ಲೇ ಶುರುವಾಗಬಹುದು, ಆರು ತಿಂಗಳ ಮೇಲೂ ಶುರುವಾಗಬಹುದು.

ಆದರೆ ನಮ್ಮ ಹೆಣ್ಣುಮಕ್ಕಳು ಇದನ್ನು ಈ ಮಾತುಗಳಲ್ಲಿ ಹೇಳಿಕೊಂಡು ಆಸ್ಪತ್ರೆಗೆ ಬರುವುದಿಲ್ಲ. ನಾನು ಕಂಡ ಹಲವರ ಸಂಗತಿಗಳನ್ನು ಸೇರಿಸಿ ಒಬ್ಬಳ ಸಂಗತಿಯಾಗಿ ಹೇಳುತ್ತೇನೆ. ಅವಳನ್ನು ಶಾಂತವ್ವ ಎಂದು ಕರೆಯೋಣ. ಇಪ್ಪತ್ಮೂರರ ಹರೆಯ, ಎರಡನೆಯ ಹೆರಿಗೆ, ಸಿಸೇರಿಯನ್, ಎರಡನೆಯದೂ ಹೆಣ್ಣು. ಹೆತ್ತ ಎರಡೂವರೆ ತಿಂಗಳಿಗೆ ತಲೆನೋವು, ಕೈಕಾಲು ಸೆಳೆತ, ಹಾಲು ಸಾಲದು ಎಂದು ತೋರಿಸಲು ಬಂದಳು. ಅಷ್ಟರಲ್ಲಿ ಹಾಲಿಗೆಂದು ಲೇಡಿ ಡಾಕ್ಟರಿಗೂ, ಕೂಸು ತೂಕ ಏರುತ್ತಿಲ್ಲವೆಂದು ಮಕ್ಕಳ ಡಾಕ್ಟರಿಗೂ, ಗಾಳಿ ಸೋಕಿದೆಯೆಂದು ಅಂತ್ರ ಕಟ್ಟುವವರಿಗೂ ತೋರಿಸಿಯಾಗಿತ್ತು. ನಾನು ಏನು ಕೇಳಿದರೂ ಪಕ್ಕದಲ್ಲಿದ್ದ ಅತ್ತೆಯೇ ಉತ್ತರ ಕೊಡುತ್ತಿದ್ದರು. ಅತ್ತೆಯನ್ನು ಚೀಟಿ ಮಾಡಿಸಲು ಕಳಿಸಿ, ಶಾಂತವ್ವನ ಜೊತೆ ಬಂದಿದ್ದ ಆಶಾ ಕಾರ್ಯಕರ್ತೆ ತಾನೇ ಮಾತಿಗೆ ಕೂತಳು.

“ಕೂಸು ಮಕ್ಕೊಂಡಾಗರ ನಿನಗ ನಿದ್ದಿ ಹತ್ತತೈತೇನು ತಂಗಿ?”

“ಇಲ್ರಿ ಅಕ್ಕಾರ. ಕಣ್ಣ ಮುಚ್ಚಿದ್ರ ಎದಿ ಡವಡವ ಅಂತೈತಿ. ಎದ್ದ ಕುಂದರತೀನಿ.”

“ಕೂಸಿನ್ನ ಎತಗೊಂಡಾಗ ಏನ ಅನಸ್ತೈತಿ?”

ಶಾಂತವ್ವ ಬಹಳ ಹೊತ್ತು ಸೆರಗಿನ ಅಂಚು ತಿರುವುತ್ತಾ ಕೂತಳು. ಆಮೇಲೆ ಹೇಳಿದಳು: “ಮಂದಿ ಕೂಸ ಎತಗೊಂಡಂಗ ಆಗ್ತೈತ್ರಿ. ನಾ ಪಾಪಿ ಅದೀನ್ರಿ.”

ಆ ಆಶಾ ಕಾರ್ಯಕರ್ತೆ ಮನಶ್ಶಾಸ್ತ್ರ ಓದಿದವಳಲ್ಲ. ಆದರೆ ಅವಳು ಕೇಳಿದ ಮೊದಲ ಪ್ರಶ್ನೆಯ ಬೆಲೆ ದೊಡ್ಡದು. ಬಾಣಂತಿಗೆ ನಿದ್ದೆ ಇದೆಯೇ ಎಂದು ಕೇಳಿದರೆ ಎಲ್ಲರೂ ಇಲ್ಲವೆಂದೇ ಹೇಳುತ್ತಾರೆ, ಕೂಸು ಎಬ್ಬಿಸುತ್ತದೆ. ಕೂಸು ಮಲಗಿದಾಗ, ಬೇರೆಯವರು ನೋಡಿಕೊಳ್ಳುತ್ತಿರುವಾಗಲೂ ನಿದ್ದೆ ಹತ್ತದಿದ್ದರೆ ಅದು ಕೂಸಿನ ಕಾಟವಲ್ಲ, ಕಾಯಿಲೆ. ಈ ಒಂದು ವ್ಯತ್ಯಾಸವನ್ನು ಇಲ್ಲಿರುವ ನರ್ಸಿಂಗ್ ವಿದ್ಯಾರ್ಥಿನಿಯರು ನೆನಪಿಟ್ಟುಕೊಳ್ಳಬೇಕು.

ಇನ್ನು ನಮ್ಮ ಬಾಣಂತನದ ವಿಚಾರ. ಇದನ್ನು ಮೂಢನಂಬಿಕೆಯೆಂದು ತಳ್ಳುವವರೂ ಇದ್ದಾರೆ, ಹಿರಿಯರು ಮಾಡಿದ್ದೆಲ್ಲ ವಿಜ್ಞಾನವೆಂದು ಹೊಗಳುವವರೂ ಇದ್ದಾರೆ. ನಾನು ಕಂಡದ್ದು ಬೇರೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳಿಗೆ ಮೂರು ತಿಂಗಳು, ಐದು ತಿಂಗಳು ಮನೆಗೆಲಸ ಮುಟ್ಟಿಸದಿರುವುದು, ಎಣ್ಣೆ ಹಚ್ಚಿ ಬಿಸಿನೀರು ಎರೆಯುವುದು, ಅಂಟಿನುಂಡಿ, ಅಳವಿ ಪಾಯಸ, ಸಬ್ಬಸಗಿ ಪಲ್ಯ ಮಾಡಿ ಉಣಿಸುವುದು, ಕೂಸನ್ನು ಕಾಲಮೇಲೆ ಹಾಕಿಕೊಂಡು ನೀರೆರೆಯಲು ಅನುಭವಸ್ಥ ಅಜ್ಜಿಯೊಬ್ಬಳು ದಿನಾ ಮನೆಗೆ ಬರುವುದು ಸಣ್ಣ ಆಸರೆಯಲ್ಲ. ಹೆತ್ತ ಮೂರನೆಯ ದಿನಕ್ಕೇ ಅಡಿಗೆಮನೆಗೆ ಹೋಗಬೇಕಾದ ಹೆಣ್ಣಿಗೆ ಹೋಲಿಸಿದರೆ ಇವಳು ಪುಣ್ಯವಂತೆ. ತಮಿಳುನಾಡಿನ ಆ ಅಧ್ಯಯನದಲ್ಲಿ ಖಿನ್ನತೆಗೆ ಜೊತೆಯಾಗಿ ಕಂಡ ಕಾರಣಗಳಲ್ಲಿ ಕೈಯಾಸರೆ ಇಲ್ಲದಿರುವುದೂ ಒಂದು. ಅಜ್ಜಿಯರು ಕೊಡುತ್ತಿದ್ದುದು ಈ ಕೈಯಾಸರೆಯನ್ನೇ.

ಆದರೆ ಅದೇ ಬಾಣಂತನದ ಕತ್ತಲ ಕೋಣೆಯಲ್ಲಿ, ಹೊರಸಿನ ಕೆಳಗೆ ಕೆಂಡ ಇಟ್ಟು, ಕಿವಿಗೆ ಹತ್ತಿ ತುರುಕಿ, ತಲೆಗೆ ಬಟ್ಟೆ ಸುತ್ತಿ ಕೂರಿಸಿದ ಮಗಳ ಹತ್ತಿರ ಆಡುವ ಮಾತೆಲ್ಲ ಕೂಸಿನದು, ಹಾಲಿನದು, ನಂಜಿನದು. ಬಂದವರು ಕೂಸನ್ನು ನೋಡಿ, ಕಾಸು ಕೊಟ್ಟು, “ಇದೂ ಹೆಣ್ಣೇ ಏನು” ಎಂದು ಕೇಳಿ ಹೋಗುತ್ತಾರೆ. ಅತ್ತರೆ, ಬಾಣಂತಿ ಅಳಬಾರದು, ಕಣ್ಣು ಕೆಡುತ್ತದೆ ಎನ್ನುತ್ತಾರೆ. ಗಂಡ ಮಗುವಿನ ಮುಖ ನೋಡಿ ಊರಿಗೆ ತಿರುಗುತ್ತಾನೆ. ಬಾಣಂತನ ಮುಗಿಸಿ ಅತ್ತೆಮನೆಗೆ ಕಳಿಸಿದ ದಿನ ಆರೈಕೆಯೆಲ್ಲ ಒಮ್ಮೆಲೇ ನಿಲ್ಲುತ್ತದೆ. ಎರಡು ಕೈಯಲ್ಲೂ ಕೆಲಸ, ಸೊಂಟದಲ್ಲಿ ಕೂಸು. ಈ ತಿರುವಿನಲ್ಲಿ ಕಾಯಿಲೆ ಬಿದ್ದವರನ್ನು ನಾನು ಬಹಳ ಮಂದಿ ನೋಡಿದ್ದೇನೆ. ಎರಡನೆಯ ಮೂರನೆಯ ಹೆರಿಗೆಗೆ ತವರಿನ ಬಾಣಂತನವೂ ಸಿಗುವುದು ಕಷ್ಟ. ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಕ್ಕೆಂದು ಬಂದು ಒಂದು ಕೋಣೆಯ ಮನೆಯಲ್ಲಿರುವವರಿಗೆ ಮೊದಲನೆಯದಕ್ಕೂ ಸಿಗದಿರಬಹುದು. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಕ್ಕೆ ಏರಿತು, ನಿಜ. ಆದರೆ ಮನೆಗೆಲಸಕ್ಕೆ, ಹೊಲದ ಕೂಲಿಗೆ, ಕಟ್ಟಡದ ಕೆಲಸಕ್ಕೆ ಹೋಗುವ ತಾಯಿಗೆ ಆ ಕಾನೂನಿನಿಂದ ಏನೂ ದಕ್ಕುವುದಿಲ್ಲ.

ಗೋವಾದ ಅಧ್ಯಯನದ ಒಂದು ಅಂಶವನ್ನು ನಾನು ಯಾವ ವೇದಿಕೆಯಲ್ಲೂ ಬಿಡದೆ ಹೇಳುತ್ತೇನೆ. ಹೆರಿಗೆಯ ನಂತರ ಖಿನ್ನರಾಗಿದ್ದ ತಾಯಂದಿರಲ್ಲಿ ನೂರಕ್ಕೆ 78 ಮಂದಿ ಬಸುರಿಯಾಗಿದ್ದಾಗಲೇ ಮಾನಸಿಕವಾಗಿ ಕುಗ್ಗಿದ್ದರು. ಅಂದರೆ ಹೆರಿಗೆಯ ಕೋಣೆಯಲ್ಲಿ ಇದ್ದಕ್ಕಿದ್ದಂತೆ ಹುಟ್ಟಿದ ಕಾಯಿಲೆ ಇದಲ್ಲ. ತಿಂಗಳುಗಳ ಮೊದಲೇ, ತಪಾಸಣೆಗೆಂದು ಅವಳು ನಮ್ಮೆದುರು ತೂಕದ ಯಂತ್ರದ ಮೇಲೆ ನಿಂತಾಗಲೇ ಇತ್ತು. ಬಡತನ, ಗಂಡನೊಡನೆ ಸರಿಯಿಲ್ಲದ ಬಾಳು ಅಲ್ಲಿ ಕಂಡ ಮುಖ್ಯ ಕಾರಣಗಳು. ತಮಿಳುನಾಡಿನಲ್ಲಿ ಬಡತನದ ಜೊತೆಗೆ ಗಂಡು ಬೇಕೆಂದಿದ್ದಾಗ ಹೆಣ್ಣು ಹುಟ್ಟಿದ್ದು, ಅತ್ತೆಯೊಡನೆ ಜಗಳ ಸೇರಿದ್ದವು. ನಮ್ಮ ರಾಜ್ಯದ ವಿಚಾರಕ್ಕೆ ಬಂದರೆ, ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ ಕರ್ನಾಟಕದ ಮದುವೆಯಾದ ಹೆಂಗಸರು ನೂರಕ್ಕೆ 44. ಈ ಅಂಕಿ ಕಣ್ಣಮುಂದಿರುವಾಗ, ಖಿನ್ನತೆಯೆಂದರೆ ಬರೀ ಹಾರ್ಮೋನಿನ ಏರುಪೇರು ಎಂದು ಹೇಳಿ ಕೈತೊಳೆದುಕೊಳ್ಳುವುದು ವೈದ್ಯರಿಗೆ ತರವಲ್ಲ. ಹೊಡೆಯುವ ಗಂಡನ ಮನೆಗೆ ಮಾತ್ರೆ ಕೊಟ್ಟು ಕಳಿಸಿದರೆ ಚಿಕಿತ್ಸೆ ಅರ್ಧವೂ ಆಗಲಿಲ್ಲ.

ಹಾಗಾದರೆ ತಡೆಯುವುದು ಹೇಗೆ? ಇದಕ್ಕೆ ಅತ್ಯಂತ ಭರವಸೆಯ ಉತ್ತರ ನಮ್ಮ ಪಕ್ಕದ ದೇಶದಿಂದ, ನಮ್ಮಂಥದೇ ಹಳ್ಳಿಗಳಿಂದ ಬಂದಿದೆ. ಪಾಕಿಸ್ತಾನದ ರಾವಲ್ಪಿಂಡಿ ಜಿಲ್ಲೆಯಲ್ಲಿ ಆತಿಫ್ ರಹಮಾನ್ ಎಂಬ ಮನೋವೈದ್ಯರು ಬಸುರಿನ ಕೊನೆಯ ತಿಂಗಳುಗಳಲ್ಲಿ ಖಿನ್ನರಾಗಿದ್ದ 903 ಹೆಂಗಸರನ್ನು ಆರಿಸಿಕೊಂಡರು. ಅಲ್ಲಿಯೂ ನಮ್ಮ ಆಶಾ ಅವರಂಥ ಲೇಡಿ ಹೆಲ್ತ್ ವರ್ಕರ್‌ಗಳಿದ್ದಾರೆ. ಶಾಲೆಯ ಓದು ಮುಗಿಸಿದ ಊರಿನ ಹೆಣ್ಣುಮಕ್ಕಳು. ಅವರಿಗೆ ಎರಡು ದಿನದ ತರಬೇತಿ, ಕೆಲವು ತಿಂಗಳ ಮೇಲೆ ಇನ್ನೊಂದು ದಿನ, ತಿಂಗಳಿಗೊಮ್ಮೆ ಕೂತು ತಮ್ಮ ತೊಡಕುಗಳನ್ನು ಹೇಳಿಕೊಳ್ಳಲು ಅವಕಾಶ. ಬಸುರಿನ ಕೊನೆಯ ತಿಂಗಳಲ್ಲಿ ವಾರಕ್ಕೊಮ್ಮೆ ನಾಲ್ಕು ಸಲ, ಹೆತ್ತ ತಿಂಗಳಲ್ಲಿ ಮೂರು ಸಲ, ಆಮೇಲೆ ತಿಂಗಳಿಗೊಮ್ಮೆ ಒಂಬತ್ತು ಸಲ, ಹೀಗೆ ಒಟ್ಟು 16 ಭೇಟಿ.

ಆ ಭೇಟಿಗಳಲ್ಲಿ ಏನು ನಡೆಯುತ್ತಿತ್ತು ಎಂಬುದು ನಮಗೆ ಪಾಠವಾಗಬೇಕು. ನಿನಗೆ ಮನಸ್ಸಿನ ಕಾಯಿಲೆ ಇದೆ ಎಂದು ಅವರು ಬಾಗಿಲಲ್ಲಿ ನಿಂತು ಹೇಳಲಿಲ್ಲ. ಹಾಗೆ ಹೇಳಿದ್ದರೆ ಬಾಗಿಲು ಮುಚ್ಚುತ್ತಿತ್ತು. ಕೂಸು ಚೆನ್ನಾಗಿ ಬೆಳೆಯಬೇಕು, ಅದಕ್ಕೆ ತಾಯಿ ಚೆನ್ನಾಗಿರಬೇಕು ಎಂಬಲ್ಲಿಂದ ಮಾತು ಶುರು. ಇದಕ್ಕೆ ಅತ್ತೆಯ ಅಡ್ಡಿಯೂ ಇರಲಿಲ್ಲ. ತಾಯಿಯ ತಲೆಯಲ್ಲಿ ಸುಳಿಯುವ ಒಂದೊಂದು ಯೋಚನೆಯನ್ನು ಹಿಡಿದು ಮಾತಾಡುತ್ತಿದ್ದರು. ನನ್ನ ಹಣೆಬರಹ ಇಷ್ಟೇ, ಮಗು ಬಡಕಲಾಗಿಯೇ ಹುಟ್ಟಿದೆ, ಏನು ಮಾಡಿದರೂ ಪ್ರಯೋಜನವಿಲ್ಲ ಎಂಬ ಯೋಚನೆ ಬಂದರೆ, ಅದನ್ನು ನಂಬಿ ಕೂತರೆ ಏನಾಗುತ್ತದೆ, ಈ ವಾರ ಮಾಡಬಹುದಾದ ಒಂದು ಸಣ್ಣ ಕೆಲಸ ಯಾವುದು ಎಂದು ಕೇಳುತ್ತಿದ್ದರು. ಆ ಕೆಲಸ ಮಾಡಿದಳೇ ಎಂದು ಮುಂದಿನ ಸಲ ಬಂದು ನೋಡುತ್ತಿದ್ದರು. ಅರಿವು ಮತ್ತು ವರ್ತನೆಯ ಚಿಕಿತ್ಸೆ ಎಂದು ನಾವು ಕಾಲೇಜಿನಲ್ಲಿ ಕಲಿಸುವುದರ ತಿರುಳು ಇದೇ. ಮಗುವಿಗೆ ಆರು ತಿಂಗಳಾದಾಗ ನೋಡಿದರೆ, ಇಂಥ ಭೇಟಿ ಸಿಕ್ಕ ತಾಯಂದಿರಲ್ಲಿ ನೂರಕ್ಕೆ 23 ಮಂದಿ ಇನ್ನೂ ಖಿನ್ನರಾಗಿದ್ದರು. ಬರೀ ಮಾಮೂಲಿ ಭೇಟಿ ಸಿಕ್ಕವರಲ್ಲಿ 53. ಮಕ್ಕಳಿಗೆ ಭೇದಿ ಕಡಿಮೆಯಾಯಿತು, ಹೆಚ್ಚು ಮಕ್ಕಳಿಗೆ ಲಸಿಕೆ ಪೂರ್ತಿಯಾಯಿತು. ಈ ಫಲಿತಾಂಶ 2008ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಕೈಪಿಡಿಯಾಗಿ ಹೊರತಂದಿತು.

ಇದೇ ಕ್ರಮವನ್ನು ಗೋವಾದಲ್ಲಿ ಊರಿನ ಸಾಮಾನ್ಯ ಹೆಂಗಸರನ್ನೇ ‘ಸಖಿ’ಯರನ್ನಾಗಿ ಮಾಡಿ ಪರೀಕ್ಷಿಸಿದರು. ಲಾಭ ರಾವಲ್ಪಿಂಡಿಯಷ್ಟು ದೊಡ್ಡದಾಗಿರಲಿಲ್ಲ, ಆದರೆ ಇತ್ತು. ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿ ಪ್ರದೇಶಗಳಲ್ಲಿ ಏಕಜುಟ್ ಸಂಸ್ಥೆಯವರ ಕೆಲಸ ಇನ್ನೂ ಕುತೂಹಲದ್ದು. ಅವರು ಹೊರಟದ್ದು ಹಸುಗೂಸುಗಳ ಸಾವನ್ನು ತಡೆಯಲು. ಹೆಂಗಸರನ್ನು ತಿಂಗಳಿಗೊಮ್ಮೆ ಸೇರಿಸಿ, ನಮ್ಮೂರಲ್ಲಿ ಕೂಸುಗಳು ಯಾಕೆ ಸಾಯುತ್ತಿವೆ, ನಾವೇನು ಮಾಡಬಹುದು ಎಂದು ಮಾತಾಡಿಸಿದರು. ಕೂಸುಗಳ ಸಾವು ಸುಮಾರು ಮೂರನೆಯ ಒಂದು ಭಾಗ ಇಳಿಯಿತು. ಜೊತೆಗೆ, ಮೂರನೆಯ ವರ್ಷದ ಹೊತ್ತಿಗೆ ತಾಯಂದಿರಲ್ಲಿ ಮಧ್ಯಮ ಮಟ್ಟದ ಖಿನ್ನತೆಯೂ ನೂರಕ್ಕೆ 57ರಷ್ಟು ಕಡಿಮೆಯಾಗಿತ್ತು. ಖಿನ್ನತೆಯ ಬಗ್ಗೆ ಅಲ್ಲಿ ಪಾಠ ಮಾಡಿರಲಿಲ್ಲ. ಒಟ್ಟಿಗೆ ಕೂತು ಮಾತಾಡಿದ್ದು, ಕಷ್ಟಕ್ಕೆ ಊರಿನವರೇ ಕೈಜೋಡಿಸಿದ್ದು ಅದರ ಕೆಲಸ ಮಾಡಿತೆಂದು ನಾನು ನಂಬಿದ್ದೇನೆ. ನಮ್ಮಲ್ಲಿ ಸ್ತ್ರೀಶಕ್ತಿ ಸಂಘಗಳು ಊರೂರಲ್ಲಿ ಸೇರುತ್ತವೆ, ಸಾಲ ಉಳಿತಾಯದ ಲೆಕ್ಕ ಬರೆಯುತ್ತವೆ. ಆ ಸಭೆಗೆ ಊರಿನ ಹೊಸ ಬಾಣಂತಿಯರನ್ನೂ ಕರೆದು ಅರ್ಧ ಗಂಟೆ ಅವರ ಮಾತಿಗೆ ಬಿಡುವುದು ಖರ್ಚಿನ ಕೆಲಸವಲ್ಲ.

ಇನ್ನು ಗುರುತಿಸುವ ವಿಚಾರ. ನಮ್ಮ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತವೆ. ಆಸ್ಪತ್ರೆಯಲ್ಲಿ ಹೆತ್ತ ತಾಯಿಯ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ, ಒಟ್ಟು ಆರು ಸಲ ಹೋಗುತ್ತಾಳೆ. ಕೂಸನ್ನು ತೂಗುತ್ತಾಳೆ, ಜ್ವರ ನೋಡುತ್ತಾಳೆ, ಹೊಕ್ಕುಳು ನೋಡುತ್ತಾಳೆ. ಅವಳ ನಮೂನೆಯಲ್ಲಿ ತಾಯಿಗೂ ಕೆಲವು ಸಾಲುಗಳಿವೆ: ದಿನಕ್ಕೆ ಎಷ್ಟು ಸಲ ಉಂಡಳು, ರಕ್ತಸ್ರಾವ ಎಷ್ಟು, ಜ್ವರ ಇದೆಯೇ, ಅಸಹಜವಾಗಿ ಮಾತಾಡುತ್ತಾಳೆಯೇ, ಫಿಟ್ಸ್ ಬಂದಿದೆಯೇ. ಒಳ್ಳೆಯ ಪ್ರಶ್ನೆಗಳೇ. ಆದರೆ ಗಮನಿಸಿ: ಮಾತು ತಪ್ಪಿದವಳನ್ನು ಈ ಕಾಗದ ಹಿಡಿಯುತ್ತದೆ, ಮಾತು ಬಿಟ್ಟವಳನ್ನು ಹಿಡಿಯುವುದಿಲ್ಲ. ಶಾಂತವ್ವನ ಮನೆಗೆ ಯಾರು ಹೋಗಿದ್ದರೂ ಆ ಎಲ್ಲ ಸಾಲುಗಳಿಗೆ ಸರಿಯಾದ ಉತ್ತರವೇ ಸಿಗುತ್ತಿತ್ತು.

ಎರಡೇ ಪ್ರಶ್ನೆ ಸೇರಿಸಿದರೆ ಸಾಕು. ಕಳೆದ ತಿಂಗಳಲ್ಲಿ ಮನಸ್ಸು ಕುಗ್ಗಿ, ಮುಂದೇನೂ ಇಲ್ಲ ಎನ್ನಿಸಿ ಕಷ್ಟವಾಗಿದೆಯೇ? ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಕೆಲಸಗಳಲ್ಲಿ ಈಗ ಆಸಕ್ತಿ, ಸಂತೋಷ ಇಲ್ಲದಂತಾಗಿದೆಯೇ? ಎರಡಕ್ಕೂ ಇಲ್ಲವೆಂದರೆ ಮುಂದೆ ಹೋಗಬಹುದು. ಒಂದಕ್ಕೆ ಹೌದೆಂದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಡಿನ್‌ಬರೋ ಪಟ್ಟಿಯನ್ನು ಓದಿ ಹೇಳಿ ಉತ್ತರ ಪಡೆಯಬೇಕು. ಜಾನ್ ಕಾಕ್ಸ್ ಮತ್ತು ಸಹೋದ್ಯೋಗಿಗಳು 1987ರಲ್ಲಿ ಪ್ರಕಟಿಸಿದ ಈ ಪಟ್ಟಿಯಲ್ಲಿ ಹತ್ತು ಪ್ರಶ್ನೆಗಳಿವೆ, ಒಟ್ಟು 30 ಅಂಕ. 13 ಅಥವಾ ಹೆಚ್ಚು ಬಂದರೆ ಖಿನ್ನತೆಯ ಸಾಧ್ಯತೆ ಬಲವಾಗಿದೆ ಎಂದರ್ಥ. ಸುಸ್ತು, ಮೈಕೈ ನೋವು ಎಲ್ಲ ಬಾಣಂತಿಯರಿಗೂ ಇರುವುದರಿಂದ ಅವುಗಳನ್ನು ಬೇಕೆಂದೇ ಬಿಟ್ಟು, ಮನಸ್ಸಿನ ಸ್ಥಿತಿಯನ್ನಷ್ಟೇ ಕೇಳಿದ್ದಾರೆ. ಕನ್ನಡದಲ್ಲೂ ಈ ಪಟ್ಟಿ ಇದೆ. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದನ್ನು ಕೇಳಲು ನಮ್ಮ ಸಿಸ್ಟರುಗಳು ಹಿಂಜರಿಯುತ್ತಾರೆ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಎಂಬ ಭಯ. ಆ ಭಯ ಬೇಡ. ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ಇದ್ದದ್ದು ಹೊರಬರುತ್ತದೆ, ಹೇಳಿಕೊಂಡವಳಿಗೆ ಉಸಿರಾಡಲು ಜಾಗ ಸಿಗುತ್ತದೆ. ಕೇಳುವಾಗ ಅತ್ತೆ, ಗಂಡ, ನೆರೆಯವರು ಪಕ್ಕದಲ್ಲಿರಬಾರದು ಎಂಬುದೊಂದೇ ಕಟ್ಟುನಿಟ್ಟಿನ ಷರತ್ತು.

ಆಶಾ ಕಾರ್ಯಕರ್ತೆಯ ಈ ಆರು ಭೇಟಿಗಳು 42ನೆಯ ದಿನಕ್ಕೆ ಮುಗಿದರೂ ತಾಯಿ ನಮ್ಮ ಕಣ್ಣಿಂದ ಮರೆಯಾಗುವುದಿಲ್ಲ. ಕೂಸಿನ ಲಸಿಕೆಗೆ ಆರು, ಹತ್ತು, ಹದಿನಾಲ್ಕನೆಯ ವಾರ, ಆಮೇಲೆ ಒಂಬತ್ತನೆಯ ತಿಂಗಳು ಅವಳು ತಾನಾಗಿ ಬರುತ್ತಾಳೆ. ಯಾರಿಗೂ ಕಾರಣ ಹೇಳಬೇಕಿಲ್ಲ, ಹುಚ್ಚಾಸ್ಪತ್ರೆಗೆ ಹೋದಳೆಂಬ ಮಾತು ಬರುವುದಿಲ್ಲ. ತಾಯಿ ಕಾರ್ಡಿನಲ್ಲಿ ಕೂಸಿನ ಲಸಿಕೆಯ ದಿನಾಂಕಗಳ ಪಕ್ಕದಲ್ಲೇ ಈ ಎರಡು ಪ್ರಶ್ನೆಗಳ ಉತ್ತರಕ್ಕೆ ಜಾಗ ಇರಬೇಕೆಂದು ನಾನು ಆರೋಗ್ಯ ಇಲಾಖೆಯನ್ನು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. ಇದರ ಹೊರೆಯನ್ನು ಆಶಾ ಕಾರ್ಯಕರ್ತೆಯರ ಮೇಲೆ ಪುಕ್ಕಟೆಯಾಗಿ ಹಾಕಬಾರದು. ಕೂಸನ್ನು ತೂಗಿದ್ದಕ್ಕೆ ಪ್ರೋತ್ಸಾಹಧನ ಇರುವಂತೆ ತಾಯಿಯ ಮನಸ್ಸನ್ನು ವಿಚಾರಿಸಿದ್ದಕ್ಕೂ ಇರಬೇಕು.

ಸಾವಿನ ಮಾತನ್ನೂ ಆಡಲೇಬೇಕು. ನಮ್ಮಲ್ಲಿ ತಾಯಿ ಮರಣದ ಲೆಕ್ಕ ಹೆರಿಗೆಯಾದ 42ನೆಯ ದಿನಕ್ಕೆ ನಿಲ್ಲುತ್ತದೆ. ಮೂರನೆಯ ತಿಂಗಳಲ್ಲಿ ಬಾವಿಗೆ ಹಾರಿದವಳು ಆ ಲೆಕ್ಕದೊಳಗೆ ಬರುವುದಿಲ್ಲ. ಹೊಟ್ಟೆನೋವು ತಾಳಲಾರದೆ, ಜೀವನದಲ್ಲಿ ಜಿಗುಪ್ಸೆಗೊಂಡು ಎಂದು ಠಾಣೆಯಲ್ಲಿ ಬರೆದು ಮುಗಿಸುತ್ತಾರೆ. ಬ್ರಿಟನ್ನಿನಲ್ಲಿ ಪ್ರತಿಯೊಂದು ತಾಯಿ ಮರಣವನ್ನೂ ದಶಕಗಳಿಂದ ಗೋಪ್ಯವಾಗಿ ಪರಿಶೀಲಿಸುತ್ತ ಬಂದಿದ್ದಾರೆ. ಹೆರಿಗೆಯ ಆರು ವಾರದಿಂದ ಒಂದು ವರ್ಷದೊಳಗೆ ನೇರ ಕಾರಣಗಳಿಂದ ಆಗುವ ಸಾವುಗಳಲ್ಲಿ ಅಲ್ಲಿ ಮೊದಲ ಸ್ಥಾನ ಆತ್ಮಹತ್ಯೆಯದು. ಒಂದು ವರ್ಷದವರೆಗೆ ಲೆಕ್ಕ ಇಟ್ಟದ್ದರಿಂದಲೇ ಅವರಿಗೆ ಅದು ಕಂಡಿತು.

ಚಿಕಿತ್ಸೆಗೆ ಬರೋಣ. ಸೌಮ್ಯವಾದ ಖಿನ್ನತೆಗೆ ಮಾತಿನ ಚಿಕಿತ್ಸೆ, ಮನೆಯವರೊಡನೆ ಮಾತುಕತೆ, ರಾತ್ರಿಯ ನಿದ್ದೆಗೆ ಏರ್ಪಾಡು ಇವಿಷ್ಟರಿಂದಲೇ ಗುಣವಾಗುತ್ತದೆ. ಜೊತೆಗೆ ರಕ್ತಪರೀಕ್ಷೆ ಆಗಲೇಬೇಕು. ನಮ್ಮ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾಗುವುದೂ ಉಂಟು. ಎರಡೂ ಖಿನ್ನತೆಯ ಹಾಗೆಯೇ ಕಾಣಿಸುತ್ತವೆ, ಖಿನ್ನತೆಯ ಜೊತೆಗೂ ಇರುತ್ತವೆ. ಕಾಯಿಲೆ ಮಧ್ಯಮ ಅಥವಾ ತೀವ್ರವಾಗಿದ್ದರೆ ಮಾತ್ರೆ ಬೇಕು.

ಇಲ್ಲೇ ಎಲ್ಲರೂ ಹೆದರುವುದು. ಮಾತ್ರೆ ಹಾಲಿನಲ್ಲಿ ಇಳಿದು ಕೂಸಿಗೆ ಹೋಗುವುದಿಲ್ಲವೇ? ಈ ಪ್ರಶ್ನೆಗೆ ಸರಿಯಾದ ಉತ್ತರ ಸಿಗದೆ, ಒಂದೋ ತಾಯಿ ಮಾತ್ರೆ ಬಿಡುತ್ತಾಳೆ, ಇಲ್ಲವೇ ಮನೆಯವರು ಹಾಲು ಬಿಡಿಸುತ್ತಾರೆ. ಸರ್ಟ್ರಾಲಿನ್ ಎಂಬ ಔಷಧಿಯನ್ನು ಹಾಲೂಡಿಸುವ ತಾಯಂದಿರಿಗೆ ಸಾಮಾನ್ಯವಾಗಿ ಮೊದಲು ಆರಿಸಿಕೊಳ್ಳುತ್ತೇವೆ. ಹಾಲಿಗೆ ಇಳಿಯುವ ಪ್ರಮಾಣ ಬಹಳ ಕಡಿಮೆ. ಹಾಲು ಕುಡಿದ ಕೂಸುಗಳ ರಕ್ತದಲ್ಲಿ ಎಷ್ಟೋ ಸಲ ಅಳತೆಗೇ ಸಿಗುವುದಿಲ್ಲ. ತಿಂಗಳು ತುಂಬದೆ ಹುಟ್ಟಿದ ಕೂಸಾದರೆ ಮಕ್ಕಳ ವೈದ್ಯರನ್ನು ಕೇಳಿ ನಿರ್ಧರಿಸುತ್ತೇವೆ. ಔಷಧಿಯ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ಬಿಡುವಾಗ ನಿಧಾನವಾಗಿ ಇಳಿಸಬೇಕು. ಮಾತ್ರೆ ಬರೆಯುವ ಮೊದಲು ವೈದ್ಯರು ಒಂದನ್ನು ಕೇಳಲೇಬೇಕು: ಹಿಂದೆ ಯಾವಾಗಲಾದರೂ ನಿದ್ದೆಯೇ ಬೇಡವಾಗಿ, ಅತಿ ಉತ್ಸಾಹದಿಂದ, ಅತಿ ಮಾತಿನಿಂದ ದಿನಗಟ್ಟಲೆ ಇದ್ದದ್ದುಂಟೇ? ಇದ್ದರೆ ಅದು ಬೈಪೋಲಾರ್ ಆಗಿರಬಹುದು, ಅಂಥವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಕೊಟ್ಟರೆ ಕಾಯಿಲೆ ಕೆರಳುತ್ತದೆ. ಅಮೆರಿಕದಲ್ಲಿ ಬಾಣಂತಿಯರ ಖಿನ್ನತೆಗೆಂದೇ ಮಾಡಿದ ಔಷಧಿಗಳಿಗೆ ಒಪ್ಪಿಗೆ ಸಿಕ್ಕಿತು. 2019ರಲ್ಲಿ ಬಂದು 2024ರ ಕೊನೆಗೆ ಮಾರಾಟ ನಿಂತ ಬ್ರೆಕ್ಸನೊಲೋನ್ ಅನ್ನು 60 ಗಂಟೆ ಡ್ರಿಪ್ಪಿನಲ್ಲಿ ಕೊಡಬೇಕಿತ್ತು. 2023ರಲ್ಲಿ ಬಂದ ಜುರಾನೊಲೋನ್ ಹದಿನಾಲ್ಕು ದಿನದ ಗುಳಿಗೆ. ಒಳ್ಳೆಯ ಸುದ್ದಿಯೇ. ಆದರೆ ನಮ್ಮ ತಾಯಂದಿರಲ್ಲಿ ಹೆಚ್ಚಿನವರು ಗುಣವಾಗಲು ಇಂಥವುಗಳಿಗೆ ಕಾಯಬೇಕಿಲ್ಲ. ಶಾಂತವ್ವನಂಥವರು ಕಡಿಮೆ ಬೆಲೆಯ ಮಾತ್ರೆ, ವಾರಕ್ಕೊಮ್ಮೆ ಮಾತು, ರಾತ್ರಿ ಕೂಸನ್ನು ಹಿಡಿಯುವ ಒಬ್ಬರು ಸಿಕ್ಕರೆ ಎರಡು ಮೂರು ತಿಂಗಳಲ್ಲಿ ಚೇತರಿಸಿಕೊಂಡದ್ದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಕೂಸನ್ನು ಆಡಿಸಲು ಶುರುಮಾಡಿದ್ದು ಮೊದಲು ಗೊತ್ತಾಗುವುದು ಅತ್ತೆಗೇ.

ಬಾಣಂತಿ ಸನ್ನಿಯ ಮಾತಿಗೆ ಬರುತ್ತೇನೆ. ಹೆತ್ತ ಮೊದಲ ಎರಡು ವಾರದಲ್ಲಿ, ಎಷ್ಟೋ ಸಲ ಎರಡು ಮೂರು ದಿನದಲ್ಲೇ, ಚೆನ್ನಾಗಿದ್ದ ಹೆಣ್ಣು ನಿದ್ದೆಯಿಲ್ಲದೆ ಓಡಾಡುತ್ತಾಳೆ, ಸಂಬಂಧವಿಲ್ಲದ ಮಾತಾಡುತ್ತಾಳೆ, ಈ ಕೂಸು ನನ್ನದಲ್ಲ, ಬದಲಾಯಿಸಿದ್ದಾರೆ ಎನ್ನುತ್ತಾಳೆ. ಇದು ಆ ದಿನವೇ ಆಸ್ಪತ್ರೆಗೆ ಕರೆದೊಯ್ಯಬೇಕಾದ ಕಾಯಿಲೆ. ದೇವರಿಗೆ ಹರಕೆ ಹೊತ್ತುಕೊಳ್ಳಿ, ನಾನು ಬೇಡವೆನ್ನುವುದಿಲ್ಲ, ಆದರೆ ಹರಕೆ ಹೊತ್ತ ಕೂಡಲೇ ಗಾಡಿ ಹತ್ತಿ. ತಾಯಿಯನ್ನೂ ಕೂಸನ್ನೂ ಇಬ್ಬರನ್ನೇ ಬಿಡಬಾರದು. ಜ್ವರವಿದ್ದರೆ ಗರ್ಭಕೋಶದ ಸೋಂಕು ನೆತ್ತಿಗೇರಿರಬಹುದು. ತೀವ್ರ ತಲೆನೋವು, ಫಿಟ್ಸ್ ಇದ್ದರೆ ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಬಾಣಂತಿಗೆ ಹೊಟ್ಟೆ ಬರುತ್ತದೆ ಎಂದು ಕುಡಿಯುವ ನೀರು ಕಡಿಮೆ ಮಾಡುವ ನಮ್ಮ ಪದ್ಧತಿ ಈ ಅಪಾಯವನ್ನು ಹೆಚ್ಚಿಸುತ್ತದೆ. ಬಾಣಂತನದಲ್ಲಿ ನಾನು ಖಡಾಖಂಡಿತವಾಗಿ ಬಿಡಿ ಎನ್ನುವ ಒಂದು ಆಚರಣೆ ಇದ್ದರೆ ಇದು.

ತಾಯಿ ಆಸ್ಪತ್ರೆಯಲ್ಲಿ ಉಳಿಯಬೇಕಾದಾಗ ಕೂಸಿನ ಗತಿಯೇನು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತಾಯಿ-ಮಗುವಿನ ವಾರ್ಡ್ ಶುರುವಾಯಿತು; ನಮ್ಮ ದೇಶದಲ್ಲಿ ಅದೇ ಮೊದಲನೆಯದು. ಡಾ. ಪ್ರಭಾ ಚಂದ್ರ ಅವರು ಕಟ್ಟಿ ಬೆಳೆಸಿದ ಆ ವಾರ್ಡಿನಲ್ಲಿ ತಾಯಿ ಕೂಸಿನ ಜೊತೆಗೇ ಇದ್ದು ಚಿಕಿತ್ಸೆ ಪಡೆಯುತ್ತಾಳೆ. ಕೂಸನ್ನು ಎತ್ತಿ ಆಡಿಸುವುದೂ ಚಿಕಿತ್ಸೆಯ ಭಾಗ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೆಯ ಕಲಂ ಕೂಡ ಇದನ್ನೇ ಹೇಳುತ್ತದೆ: ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡಬಾರದು. ಅಪಾಯವಿದೆಯೆಂದು ಬೇರೆ ಮಾಡಿದರೂ ಮೇಲ್ವಿಚಾರಣೆಯಲ್ಲಿ ಅವಳು ಮಗುವನ್ನು ನೋಡಲು ಬಿಡಬೇಕು, ಆ ನಿರ್ಧಾರವನ್ನು ಹದಿನೈದು ದಿನಕ್ಕೊಮ್ಮೆ ಮರುಪರಿಶೀಲಿಸಬೇಕು. ಕಾನೂನು ಇಷ್ಟು ಸ್ಪಷ್ಟವಾಗಿರುವಾಗ ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಒಂದು ತೊಟ್ಟಿಲು ಹಿಡಿಯುವಷ್ಟು ಜಾಗವಿರುವ ಎರಡು ಮಂಚಗಳನ್ನಾದರೂ ಇದಕ್ಕೆಂದು ಮೀಸಲಿಡಬೇಕು.

ದೂರದ ಊರಿನವರಿಗೆ ಫೋನಿನ ದಾರಿಯಿದೆ. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಂಖ್ಯೆ 14416. ಕರೆ ಉಚಿತ, ಹಗಲೂ ರಾತ್ರಿಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬಾಣಂತಿಯೇ ಮಾಡಬೇಕೆಂದಿಲ್ಲ, ಗಂಡ, ಅಕ್ಕ, ಆಶಾ ಯಾರು ಬೇಕಾದರೂ ಮಾಡಿ ಕೇಳಬಹುದು.

ಕೊನೆಯದಾಗಿ, ಒಮ್ಮೆ ಈ ಕಾಯಿಲೆ ಅನುಭವಿಸಿ ಗುಣವಾದ ತಾಯಂದಿರು ನನ್ನನ್ನು ಕೇಳುವ ಪ್ರಶ್ನೆ: ಇನ್ನೊಂದು ಮಗು ಮಾಡಿಕೊಳ್ಳಬಹುದೇ? ಮಾಡಿಕೊಳ್ಳಬಹುದು. ಖಿನ್ನತೆ ಮರುಕಳಿಸುವ ಸಾಧ್ಯತೆ ಇತರರಿಗಿಂತ ಹೆಚ್ಚು. ಬಾಣಂತಿ ಸನ್ನಿಯಾದರೆ ಸುಮಾರು ಮೂವರಲ್ಲಿ ಒಬ್ಬರಿಗೆ ಮತ್ತೆ ಬರುತ್ತದೆ. ಹಾಗಾಗಿ ಬಸಿರಿನ ಮೊದಲ ತಪಾಸಣೆಯಲ್ಲೇ ಹಳೆಯ ಕಾಯಿಲೆಯ ಮಾತು ಮುಚ್ಚಿಡದೆ ಹೇಳಬೇಕು. ನಡೆಯುತ್ತಿರುವ ಔಷಧಿಯನ್ನು ತಾವಾಗಿ ನಿಲ್ಲಿಸಬಾರದು. ಬದಲಾಯಿಸಬೇಕಾದ ಔಷಧಿಗಳನ್ನು ವೈದ್ಯರೇ ಬದಲಾಯಿಸುತ್ತಾರೆ. ಏಳನೆಯ ತಿಂಗಳಲ್ಲಿ ಗಂಡ, ತಾಯಿ, ಅತ್ತೆ ಮೂವರನ್ನೂ ಒಟ್ಟಿಗೆ ಕೂರಿಸಿಕೊಂಡು ನಾವು ಒಂದು ಹಾಳೆ ಬರೆಯುತ್ತೇವೆ. ಯಾವ ಲಕ್ಷಣ ಕಂಡರೆ ಯಾರು ಯಾರಿಗೆ ಫೋನ್ ಮಾಡಬೇಕು, ಹೆರಿಗೆಯಾದ ಎಷ್ಟನೆಯ ದಿನ ಓಪಿಡಿಗೆ ಬರಬೇಕು, ಮೊದಲ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಎಲ್ಲವೂ ಅದರಲ್ಲಿರುತ್ತದೆ. ಅದನ್ನು ಮಡಚಿ ತಾಯಿ ಕಾರ್ಡಿನೊಳಗೆ ಇಟ್ಟು ಕಳಿಸುತ್ತೇವೆ. ರಾತ್ರಿ ಹತ್ತರಿಂದ ಬೆಳಗಿನ ಮೂರರವರೆಗೆ, ಹಾಲಿಗೆ ಬಿಟ್ಟು ಬೇರೆ ಯಾವುದಕ್ಕೂ ಬಾಣಂತಿಯನ್ನು ಎಬ್ಬಿಸದೆ ಕೂಸನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು ಆ ಹಾಳೆಯ ಮೊದಲ ಸಾಲಿನಲ್ಲಿ ಬರೆಯುತ್ತೇವೆ. ಆ ಸಾಲಿನಲ್ಲಿ ಗಂಡನ ಹೆಸರೂ ಇರಲಿ ಎಂದು ನಾನು ಹಟ ಹಿಡಿಯುತ್ತೇನೆ.